ಎಷ್ಟು ಜಿಬಿ ಹಾಕ್ತೀರಿ?

ಸಾಗರದ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿತು. ಅಂಗಡಿಯೆಂದರೆ ಒಂದು ಉದ್ದನೆಯ ಮೇಜು, ಎರಡು ಹಳೇ ಮಾನಿಟರು, ಗೋಡೆಯ ಮೊಳೆಗಳಲ್ಲಿ ಜೋತುಬಿದ್ದ ಕೇಬಲ್ಲುಗಳು. ಹಳೇ ಕಂಪ್ಯೂಟರ್ ಹೊತ್ತು ತಂದವರು ಅದನ್ನು ಮೇಜಿನ ಮೇಲೆ ಇಳಿಸುವ ಮೊದಲೇ ಎರಡು ಮಾತು ಹೇಳುತ್ತಾರೆ. "ತುಂಬಾ ಸ್ಲೋ ಆಗಿದೆ ಮಾರಾಯ್ರೆ." ಆಮೇಲೆ, "ದೊಡ್ಡ ಹಾರ್ಡ್ ಡಿಸ್ಕ್ ಹಾಕಿಬಿಡಿ. ಎಷ್ಟು ಜಿಬಿ ಹಾಕ್ತೀರಿ?" ಈ ಎರಡಕ್ಕೂ ಸಂಬಂಧವಿಲ್ಲ ಎಂದು ತಿಳಿಸುವುದರಲ್ಲೇ ನನ್ನ ಅರ್ಧ ಗಂಟಲು ಒಣಗಿದೆ. ಡಿಸ್ಕ್ ಬದಲಿಸುತ್ತ ಬದಲಿಸುತ್ತ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕೆಲವನ್ನು ಕಲಿತದ್ದು ಗಿರಾಕಿಗಳ ಖರ್ಚಿನಲ್ಲಿ. ಅವರ ಕ್ಷಮೆ ಇರಲಿ.

1. ಜಾಗ ಸಾಲದೋ, ಕಾಯಲಾಗದೋ, ಮೊದಲು ಅದನ್ನು ಕೇಳಿ

ಬಹಳ ಹಿಂದೆ ಮೇಷ್ಟ್ರೊಬ್ಬರು 320 ಜಿಬಿಯ ಲ್ಯಾಪ್‌ಟಾಪ್ ತಂದರು. ಆನ್ ಮಾಡಿ, ಕಾಫಿ ಕುಡಿದು, ಪೇಪರ್ ಓದಿ ಬಂದರೂ ತೆರೆಯ ಮೇಲೆ ಚುಕ್ಕಿಗಳು ತಿರುಗುತ್ತಲೇ ಇರುತ್ತವೆ ಎಂದರು. ಅವರು ಕೇಳಿದ್ದು 1 ಟಿಬಿ ಡಿಸ್ಕ್. ನಾನು ಮರುಮಾತಾಡದೆ ಹಾಕಿಕೊಟ್ಟೆ. ಎರಡೇ ದಿನಕ್ಕೆ ವಾಪಸ್ ಬಂದರು. "ದುಡ್ಡು ಹೋಯ್ತು, ಕಾಫಿ ಮಾತ್ರ ಈಗ್ಲೂ ಕುಡೀತಾ ಇದೀನಿ." ಆಗ ಕೂತು ನೋಡಿದರೆ, ಹಳೇ ಡಿಸ್ಕಿನಲ್ಲಿ ಅವರು ಬಳಸಿದ್ದು 60 ಜಿಬಿ ಚಿಲ್ಲರೆ. ಜಾಗದ ಕಷ್ಟ ಅವರಿಗೆ ಇರಲೇ ಇಲ್ಲ.

ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು: ಸುಮಾರು 5.6 ಮಿಲಿಸೆಕೆಂಡು. ಅದಕ್ಕೂ ಮೊದಲು ತಲೆ ಸರಿಯಾದ ಪಥಕ್ಕೆ ಸರಿಯಬೇಕು, ಅದಕ್ಕೆ 12 ಮಿಲಿಸೆಕೆಂಡಿನಷ್ಟು. ಒಂದು ಸಣ್ಣ ಫೈಲನ್ನು ಹುಡುಕಿ ಹಿಡಿಯಲು 17–18 ಮಿಲಿಸೆಕೆಂಡು ಹೋದರೆ, ಸೆಕೆಂಡಿಗೆ ಅರವತ್ತನ್ನೂ ಮುಟ್ಟುವುದಿಲ್ಲ. ಡೆಸ್ಕ್‌ಟಾಪಿನ 7200 ಸುತ್ತಿನದು ಸ್ವಲ್ಪ ಚುರುಕು. ಎಪ್ಪತ್ತೋ ಎಂಬತ್ತೋ ಆದೀತು, ಅಷ್ಟೇ. ವಿಂಡೋಸ್ ಎದ್ದು ಕೂರಲು ಓದಬೇಕಾದದ್ದು ಸಾವಿರಾರು ಚೂರುಗಳನ್ನು, ಅವು ಡಿಸ್ಕಿನ ತುಂಬ ಚೆಲ್ಲಾಪಿಲ್ಲಿ.

ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡನನ್ನು ನೋಡಿ. ಒಂದು ಅಡಿಕೆ ಮರ ಹತ್ತಿದವನು ಪಕ್ಕದ ಮರಕ್ಕೆ ವಾಲಿ ದಾಟಿ, ಅಲ್ಲಿಂದ ಇನ್ನೊಂದಕ್ಕೆ ದಾಟಿ, ನೆಲ ಮುಟ್ಟದೆ ಒಂದು ಸಾಲನ್ನೇ ಮುಗಿಸಿಬಿಡುತ್ತಾನೆ. ಅದೇ ಕೊನೆಗೌಡನನ್ನು ತೋಟದ ಈ ಮೂಲೆಯಲ್ಲೊಂದು ಕೊನೆ, ಹೊಳೆಯಂಚಿನಲ್ಲೊಂದು ಕೊನೆ ಎಂದು ಇಳಿಸಿ ಹತ್ತಿಸಿದರೆ ಸಂಜೆಯಾದರೂ ಒಂದು ಹೆಡಿಗೆ ತುಂಬುವುದಿಲ್ಲ. ಸಿನಿಮಾ ಕಾಪಿ ಮಾಡುವಾಗ ಹಾರ್ಡ್ ಡಿಸ್ಕ್ ಮೊದಲನೆಯ ಕೊನೆಗೌಡ, ಕಂಪ್ಯೂಟರ್ ಆನ್ ಮಾಡುವಾಗ ಎರಡನೆಯವನು. ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಯಾವ ಚೂರು ಎಲ್ಲಿದ್ದರೂ ಒಂದು ಮಿಲಿಸೆಕೆಂಡಿನ ಹತ್ತರಲ್ಲೊಂದು ಭಾಗದಲ್ಲಿ ಕೈಗೆ ಬರುತ್ತದೆ.

ಮೇಷ್ಟ್ರಿಗೆ ಕೊನೆಗೆ 240 ಜಿಬಿಯ ಎಸ್‌ಎಸ್‌ಡಿ ಹಾಕಿದೆ. ಆ 1 ಟಿಬಿ ಡಿಸ್ಕನ್ನು ನಾನೇ ವಾಪಸ್ ತಗೊಂಡೆ. ಕೇಳಿದ್ದನ್ನು ಕೊಡುವುದಷ್ಟೇ ವ್ಯಾಪಾರ ಎಂದುಕೊಂಡದ್ದಕ್ಕೆ ಕಟ್ಟಿದ ದಂಡ ಅದು.

2. ಮುಚ್ಚಳ ತೆಗೆಯದೆ ಆರ್ಡರ್ ಮಾಡಬೇಡಿ

ಮೊದಮೊದಲು ಮಾಡೆಲ್ ನಂಬರ್ ಬರೆದುಕೊಂಡು ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುತ್ತಿದ್ದೆ. ಬೆಳಗ್ಗೆ ಅಂಗಡಿಗಳು ಬಾಗಿಲು ತೆಗೆಯುವವರೆಗೆ ಇಡ್ಲಿ ತಿಂದು ಕಾದು, ಡಿಸ್ಕ್ ತಂದು, ಇಲ್ಲಿ ಬಂದು ಮುಚ್ಚಳ ತೆಗೆದರೆ ಅದು ಕೂರುವುದೇ ಇಲ್ಲ. ಒಂದೇ ಮಾಡೆಲ್ಲಿನೊಳಗೆ ಎರಡು ಬಗೆ ಇರುತ್ತದೆ ಎಂಬುದು ಆಗ ಗೊತ್ತಿರಲಿಲ್ಲ.

ಅಗಲವಾದ ಪಟ್ಟಿಯಂಥ ಕೇಬಲ್, 40 ಪಿನ್ನು ಇದ್ದರೆ ಐಡಿಇ. ಬೆರಳಗಲದ ತೆಳು ಕೇಬಲ್ ಇದ್ದರೆ ಸಾಟಾ. ಲ್ಯಾಪ್‌ಟಾಪ್ ಆದರೆ ದಪ್ಪ ಅಳೆಯಿರಿ: ಹಳೆಯವು ಹೆಚ್ಚಾಗಿ 9.5 ಮಿ.ಮೀ., ತೆಳುವಾದ ಮಾಡೆಲ್ಲುಗಳಲ್ಲಿ 7 ಮಾತ್ರ ಹಿಡಿಯುತ್ತದೆ. ಎಸ್‌ಎಸ್‌ಡಿಗಳು ಸಾಮಾನ್ಯವಾಗಿ 7 ಮಿ.ಮೀ. ಇರುವುದರಿಂದ ಹಳೇ ಗೂಡಿನಲ್ಲಿ ಅಲ್ಲಾಡುತ್ತವೆ. ನಾನು ಹಳೇ ವಿಸಿಟಿಂಗ್ ಕಾರ್ಡುಗಳನ್ನು ಮಡಿಸಿ ಒತ್ತಿಡುತ್ತೇನೆ. ಕೆಲವರಿಗೆ ಇದು ಜುಗ್ಗತನ ಅನಿಸುತ್ತದೆ, ಆದರೆ ಇಲ್ಲಿಯವರೆಗೆ ಯಾವ ಡಿಸ್ಕೂ ಜಾರಿಲ್ಲ.

ಚೂಯಿಂಗ್ ಗಮ್ಮಿನ ಪಟ್ಟಿಯಂತೆ ಕಾಣುವ ಎಂ.2 ಎಸ್‌ಎಸ್‌ಡಿ ಇನ್ನೂ ಹೆಚ್ಚು ಮೋಸ ಮಾಡುತ್ತದೆ. ನೋಡಲು ಒಂದೇ ಥರ ಇದ್ದರೂ ಒಂದು ಸಾಟಾ ಭಾಷೆ ಮಾತಾಡುತ್ತದೆ, ಇನ್ನೊಂದು ಎನ್‌ವಿಎಂಇ. ಸಾಟಾ ಮಾತ್ರ ಬಲ್ಲ ಗೂಡಿಗೆ ಎನ್‌ವಿಎಂಇ ಚುಚ್ಚಿದರೆ ಕಂಪ್ಯೂಟರಿಗೆ ಅದು ಇದೆ ಎಂದೇ ಗೊತ್ತಾಗುವುದಿಲ್ಲ. ಎಂ.2 ಗೂಡೇ ಇಲ್ಲದ ಹಳೇ ಬೋರ್ಡಿಗೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನ ಮೂಲಕ ಎನ್‌ವಿಎಂಇ ಹಾಕಬಹುದು, ಫೈಲ್ ಇಡಲು ಆದೀತು. ಆದರೆ ಅದರಿಂದ ವಿಂಡೋಸ್ ಎಬ್ಬಿಸಲು ಹಳೇ ಬಯೋಸ್ ಒಪ್ಪುವುದಿಲ್ಲ. ಇನ್ನು 32 ಜಿಬಿಯ ಅಗ್ಗದ ಲ್ಯಾಪ್‌ಟಾಪುಗಳು ಬಂದಿದ್ದವಲ್ಲ, ಅವುಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಮುಚ್ಚಳ ತೆಗೆದು ಮತ್ತೆ ಮುಚ್ಚುವುದಷ್ಟೇ ಕೆಲಸ.

3. ಸಾಟಾ ಹಳೆಯದೆಂದು ಹಿಂಜರಿಯಬೇಡಿ

ಅಲ್ಪಸ್ವಲ್ಪ ಓದಿಕೊಂಡ ಹುಡುಗರು ಬಂದು, "ಅಂಕಲ್, ನಮ್ಮ ಬೋರ್ಡ್ ಸಾಟಾ ಎರಡು, ಎಸ್‌ಎಸ್‌ಡಿ ಹಾಕಿದ್ರೆ ವೇಸ್ಟ್ ಅಲ್ವಾ?" ಎನ್ನುತ್ತಾರೆ. ಲೆಕ್ಕ ಸರಿ. ಸಾಟಾ ಎರಡರ ದಾರಿ ಸೆಕೆಂಡಿಗೆ 300 ಎಂಬಿ, ಎಸ್‌ಎಸ್‌ಡಿ 500ರ ಮೇಲೆ ಓಡಬಲ್ಲದು. ಆದರೆ ಹಳೇ ಡಿಸ್ಕ್ ಓಡುತ್ತಿದ್ದದ್ದೇ 100ರ ಆಸುಪಾಸಿನಲ್ಲಿ, ಅದೂ ದೊಡ್ಡ ಫೈಲಿಗೆ. ನಮಗೆ ಬೇಕಾದ ಲಾಭ ಚೂರುಗಳನ್ನು ಹುಡುಕುವುದರಲ್ಲಿದೆ, ಅದಕ್ಕೆ ದಾರಿಯ ಅಗಲ ಅಡ್ಡ ಬರುವುದಿಲ್ಲ. ಧೈರ್ಯವಾಗಿ ಹಾಕಿ.

4. ರ್ಯಾಮ್ 2 ಜಿಬಿ ಇದ್ದರೆ ಮೊದಲು ಅದಕ್ಕೆ ಕೈ ಹಾಕಿ

ರ್ಯಾಮ್ ಸಾಲದಾದಾಗ ಕಂಪ್ಯೂಟರ್ ಡಿಸ್ಕನ್ನೇ ರ್ಯಾಮಿನಂತೆ ಬಳಸುತ್ತದೆ. ಎಸ್‌ಎಸ್‌ಡಿ ಹಾಕಿದರೆ ಆ ಪರದಾಟ ಸದ್ದಿಲ್ಲದೆ ನಡೆಯುತ್ತದೆ, ನಿಲ್ಲುವುದಿಲ್ಲ.

5. ಐಡಿಇ ಯಂತ್ರಕ್ಕೆ ದುಡ್ಡು ಹಾಕುವ ಮುನ್ನ ಮಾಲೀಕರನ್ನು ಕೂರಿಸಿ ಮಾತಾಡಿ

ಹೊಸ ಐಡಿಇ ಹಾರ್ಡ್ ಡಿಸ್ಕ್ ಈಗ ಯಾರೂ ತಯಾರಿಸುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವುದು ಇನ್ನೊಂದು ಕಂಪ್ಯೂಟರಿನಿಂದ ಕಳಚಿದ್ದು. ಮನೆಯ ಕಂಪ್ಯೂಟರ್ ಆದರೆ ನಾನು ಬೇಡ ಎನ್ನುತ್ತೇನೆ. ಆದರೆ ಒಂದು ವೇಬ್ರಿಡ್ಜಿನಲ್ಲಿ ಲಾರಿ ತೂಗುವ ಯಂತ್ರಕ್ಕೆ ಜೋಡಿಸಿದ ಎಕ್ಸ್‌ಪಿ ಕಂಪ್ಯೂಟರ್ ಇತ್ತು. ಅದರ ತಂತ್ರಾಂಶ ಬರೆದವನು ಊರು ಬಿಟ್ಟು ವರ್ಷಗಳಾಗಿದ್ದವು. ಅಲ್ಲಿ ಕಂಪ್ಯೂಟರ್ ಬದಲಿಸುವ ಮಾತೇ ಇಲ್ಲ. ಹಳೇ ಕ್ಯಾಮೆರಾಗಳಲ್ಲಿ ಬರುತ್ತಿದ್ದ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡಿಗೆ ಐಡಿಇ ಭಾಷೆ ಹುಟ್ಟಿನಿಂದಲೇ ಬರುತ್ತದೆ, ಒಂದು ಸಣ್ಣ ಅಡಾಪ್ಟರ್ ಸಾಕು. ಹಳೇ ಡಿಸ್ಕನ್ನು ಹಾಗೇ ಕಾರ್ಡಿಗೆ ಇಳಿಸಿ ಚುಚ್ಚಿದೆ. ವೇಬ್ರಿಡ್ಜ್ ಈಗಲೂ ತೂಗುತ್ತಿದೆ.

ಇದೇ ಮಾತುಕತೆಯನ್ನು ಈಗ ಸಾಟಾ ಯಂತ್ರಗಳ ಮಾಲೀಕರ ಜೊತೆಗೂ ಆಡಬೇಕಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಸುರಕ್ಷತಾ ಅಪ್‌ಡೇಟುಗಳ ಗಡುವು ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೇಳುತ್ತದೆ, ಹಳೇ ಬೋರ್ಡುಗಳಲ್ಲಿ ಅದು ಇಲ್ಲ. ಬರೀ ಇಂಟರ್‌ನೆಟ್ಟು, ಪತ್ರ, ಮಕ್ಕಳ ಪಾಠ ಎನ್ನುವವರಿಗೆ ಎಸ್‌ಎಸ್‌ಡಿಯ ಮೇಲೆ ಲಿನಕ್ಸ್ ಹಾಕಿಕೊಡುತ್ತೇನೆ. ಯೂನಿಕೋಡ್ ಕನ್ನಡ ಅದರಲ್ಲಿ ತಕರಾರಿಲ್ಲದೆ ಬರುತ್ತದೆ.

6. ದೊಡ್ಡ ಡಿಸ್ಕನ್ನು ಹಳೇ ಯಂತ್ರ ಪೂರ್ತಿ ಎಣಿಸಲಾರದು

160 ಜಿಬಿ ಡಿಸ್ಕ್ ಹೊಸದಾಗಿ ಬಂದ ಕಾಲದಲ್ಲಿ ಒಬ್ಬರ ಕಂಪ್ಯೂಟರಿಗೆ ಹಾಕಿದೆ. ತೋರಿಸಿದ್ದು 128ರ ಒಳಗೆ. ಅಂಗಡಿಯವನು ಮೋಸ ಮಾಡಿದ ಎಂದು ಅವರು ಬಸ್ ಸ್ಟ್ಯಾಂಡಿನವರೆಗೂ ಹೇಳಿಕೊಂಡು ಹೋದರು. ಹಳೇ ಪದ್ಧತಿಯಲ್ಲಿ ಡಿಸ್ಕಿನ ವಿಳಾಸ ಬರೆಯಲು 28 ಬಿಟ್ ಮಾತ್ರ, ಅದರಲ್ಲಿ 137 ಜಿಬಿಯ ಆಚೆ ಎಣಿಸಲು ಬರುವುದಿಲ್ಲ. ಎಕ್ಸ್‌ಪಿಗೆ ಮೊದಲ ಸರ್ವಿಸ್ ಪ್ಯಾಕ್ ಹಾಕಿದ ಮೇಲಷ್ಟೇ ಗಂಟು ಬಿಟ್ಟಿತು. (ಕಂಪನಿಯವರು 1000ದಿಂದ ಗುಣಿಸುತ್ತಾರೆ, ವಿಂಡೋಸ್ 1024ರಿಂದ ಭಾಗಿಸುತ್ತದೆ. ಅದಕ್ಕೇ ಆ 137 ತೆರೆಯ ಮೇಲೆ 128 ಆಗುತ್ತದೆ, 1 ಟಿಬಿ ಡಿಸ್ಕ್ 931 ಜಿಬಿ ಎಂದು ತೋರಿಸುತ್ತದೆ. ಇದನ್ನು ಬರೆದ ಒಂದು ಚೀಟಿ ನನ್ನ ಗೋಡೆಯ ಮೇಲೆ ಅಂಟಿಸಿದ್ದೇನೆ.)

ಅದೇ ಕತೆ ಮತ್ತೆ 2 ಟಿಬಿಯಲ್ಲಿ ಬರುತ್ತದೆ. ಹಳೇ ಎಂಬಿಆರ್ ಪದ್ಧತಿಯ ವಿಭಾಗಪಟ್ಟಿ ಅದರಾಚೆ ಎಣಿಸದು. ಫೋಟೋ ಸ್ಟುಡಿಯೋದವರೊಬ್ಬರು ತಾವೇ 4 ಟಿಬಿ ಕೊಂಡು ತಂದು, ವಿಂಡೋಸ್ 7 ಇದ್ದ ಕಂಪ್ಯೂಟರಿಗೆ ಇದೊಂದನ್ನೇ ಹಾಕಿ ಎಂದರು. ಅರ್ಧ ಡಿಸ್ಕ್ ಇದ್ದೂ ಇಲ್ಲದಂತಾಯಿತು. ಜಿಪಿಟಿ ಪದ್ಧತಿ ಮಾಡಿದರೆ ಪೂರ್ತಿ ಸಿಗುತ್ತದೆ, ಆದರೆ ಹಳೇ ಬಯೋಸಿನಲ್ಲಿ ಅದರಿಂದ ವಿಂಡೋಸ್ ಏಳುವುದಿಲ್ಲ. ಕೊನೆಗೆ ವಿಂಡೋಸಿಗೆ ಸಣ್ಣದೊಂದು ಎಸ್‌ಎಸ್‌ಡಿ, ಫೋಟೋಗಳಿಗೆ ಜಿಪಿಟಿ ಮಾಡಿದ ಆ 4 ಟಿಬಿ. ಇಷ್ಟವಿಲ್ಲದೆ ಒಪ್ಪಿಕೊಂಡ ಆ ಜೋಡಿ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಜಾಗವೂ ಬೇಕು ವೇಗವೂ ಬೇಕು ಎನ್ನುವ ಎಲ್ಲರಿಗೂ ನಾನು ಈಗ ಅದನ್ನೇ ಹೇಳುತ್ತೇನೆ.

7. ಹೆಂಚು ಹೊದೆಸಿದ ಡಿಸ್ಕುಗಳನ್ನು ಗುರುತಿಸಿ

ಅದೇ ಸ್ಟುಡಿಯೋದವರು ಮದುವೆ ಸೀಸನ್ನಿನಲ್ಲಿ ಇನ್ನೊಂದು ಡಿಸ್ಕ್ ತಂದರು. ಮೊದಲ ಕೆಲವು ಜಿಬಿ ಓಡಿ ಓಡಿ ಹೋಯಿತು, ಆಮೇಲೆ ಎತ್ತಿನಗಾಡಿ. ನಾನು ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ವೈರಸ್ಸಿಗೆ ಬೈದೆ. ತಪ್ಪು ಯಾವುದರದ್ದೂ ಆಗಿರಲಿಲ್ಲ.

ಮಂಗಳೂರು ಹೆಂಚಿನ ಮಾಡಿನಲ್ಲಿ ಒಂದು ಹೆಂಚಿನ ಅಂಚನ್ನು ಮೇಲಿನದು ಮುಚ್ಚಿರುತ್ತದೆ. ನಡುವಿನ ಒಂದನ್ನು ಬದಲಿಸಬೇಕಾದರೆ ಮೇಲಿನವನ್ನು ಎತ್ತಬೇಕು. ಕೆಲವು ಡಿಸ್ಕುಗಳಲ್ಲಿ ಜಾಗ ಉಳಿಸಲು ಪಥಗಳನ್ನು ಹೀಗೇ ಒಂದರ ಮೇಲೊಂದು ಹೊದೆಸಿರುತ್ತಾರೆ, ಎಸ್‌ಎಂಆರ್ ಎನ್ನುವುದು ಅದಕ್ಕೇ. ಒಂದು ಕಡೆ ತಿದ್ದಬೇಕಾದರೆ ಪಕ್ಕದ ಪಥಗಳನ್ನೆಲ್ಲ ಮತ್ತೆ ಬರೆಯಬೇಕು. ಒಮ್ಮೆ ತುಂಬಿ ಕಪಾಟಿನಲ್ಲಿಡಲು ಅಡ್ಡಿಯಿಲ್ಲ, ದಿನಾ ಅಳಿಸಿ ಬರೆಯುವ ಕೆಲಸಕ್ಕೆ ಬೇಡ. ತಯಾರಕರು ಇದನ್ನು ಪೆಟ್ಟಿಗೆಯ ಮೇಲೆ ಹೇಳದೆ ಮಾರುತ್ತಿದ್ದದ್ದು 2020ರಲ್ಲಿ ಬಯಲಾಗಿ ದೊಡ್ಡ ಗದ್ದಲವೆದ್ದಿತು. ಆಮೇಲೆ ಮಾಡೆಲ್ ಪಟ್ಟಿಗಳನ್ನು ಪ್ರಕಟಿಸಿದರು. ಕೊಳ್ಳುವ ಮೊದಲು ಆ ಪಟ್ಟಿ ನೋಡಿ, ಸಿಎಂಆರ್ ಎಂದಿದ್ದರೆ ಹೊದಿಕೆ ಇಲ್ಲ.

ಕೊಳ್ಳುವ ಮಾತು ಬಂದರೂ ಬೆಲೆಯ ಬಗ್ಗೆ ನಾನು ಏನೂ ಬರೆಯುವುದಿಲ್ಲ. 2011ರಲ್ಲಿ ಥೈಲ್ಯಾಂಡಿನಲ್ಲಿ ಪ್ರವಾಹ ಬಂದು ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿದಾಗ ನಾನು ಒಪ್ಪಿಕೊಂಡ ದರಕ್ಕೆ ಡಿಸ್ಕೇ ಸಿಗಲಿಲ್ಲ. "ಅಲ್ಲೆಲ್ಲೋ ಮಳೆ ಬಂದ್ರೆ ಸಾಗರದಲ್ಲಿ ನಾನ್ಯಾಕೆ ದುಡ್ಡು ಕೊಡ್ಲಿ?" ಎಂದು ಕೇಳಿದವರಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ.

8. "ಗುಡ್" ಎಂದು ತೋರಿಸಿದರೆ ಅರ್ಧ ನಂಬಿ

ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಎನ್ನುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಓದಬಹುದು. ನಾನು ಮೊದಲು ನೋಡುವುದು ಎರಡು ಸಾಲು: ಕೆಟ್ಟ ಜಾಗಕ್ಕೆ ಬದಲಿ ಜಾಗ ಕೊಟ್ಟ ಲೆಕ್ಕ, ಓದಲಾಗದೆ ಬಾಕಿ ಉಳಿದ ಜಾಗದ ಲೆಕ್ಕ. ಎರಡೂ ಸೊನ್ನೆ ಇರಬೇಕು. ಎರಡನೆಯದು ಏರುತ್ತಿದ್ದರೆ ಬೇರೆ ಕೆಲಸ ಬಿಟ್ಟು ಮೊದಲು ಫೈಲ್ ಇಳಿಸಿಕೊಳ್ಳುತ್ತೇನೆ.

ಆದರೆ ಸೊನ್ನೆ ಇದ್ದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ನಾಡಿ ನೋಡಿ ಚೆನ್ನಾಗಿದೆ ಎಂದ ಮರುದಿನವೇ ಹೋದವರ ಕತೆ ಊರಲ್ಲಿ ಕೇಳಿದ್ದೇವಲ್ಲ, ಹಾಗೆ.

ಸೆಕೆಂಡ್‌ಹ್ಯಾಂಡ್ ಡಿಸ್ಕಿನಲ್ಲಿ ಓಡಿದ ಗಂಟೆಗಳ ಲೆಕ್ಕ ನೋಡಿ. ಸಿಸಿಟಿವಿ ಪೆಟ್ಟಿಗೆಯಲ್ಲಿ ಹಗಲೂ ರಾತ್ರಿ ನಾಲ್ಕು ವರ್ಷ ಓಡಿದ್ದು 35,000 ಗಂಟೆ ದಾಟಿರುತ್ತದೆ. ಸ್ಟಿಕ್ಕರ್ ಬದಲಿಸಿ, ಈ ಲೆಕ್ಕವನ್ನೇ ಸೊನ್ನೆ ಮಾಡಿ ಮಾರುವವರೂ ಇದ್ದಾರೆ. ಆಗ ಸ್ಕ್ರೂ ತಲೆಯ ಗೀರುಗಳೇ ಸಾಕ್ಷಿ. ಸಾವಿರ ರೂಪಾಯಿಗೆ 2 ಟಿಬಿ ಎಂದು ಮೊಬೈಲಿನಲ್ಲಿ ನೋಡಿ ತರಿಸಿದ ಒಂದು ಪೋರ್ಟಬಲ್ ಎಸ್‌ಎಸ್‌ಡಿಯನ್ನು ನಾನು ಬಿಚ್ಚಿದ್ದೇನೆ. ಒಳಗಿದ್ದದ್ದು ಒಂದು ಮೆಮೊರಿ ಕಾರ್ಡು. 2 ಟಿಬಿ ಎಂದು ಸುಳ್ಳು ಹೇಳುತ್ತ, ಜಾಗ ಮುಗಿದ ಮೇಲೂ ಬರೆದಂತೆ ನಟಿಸುತ್ತಿತ್ತು.

9. ಹೊಸದನ್ನು ಆರಿಸುವುದಕ್ಕಿಂತ ಹಳೆಯದನ್ನು ಸಾಗಿಸುವುದು ಕಷ್ಟ

ನನಗೆ ಇವತ್ತಿಗೂ ನಾಚಿಕೆಯಾಗುವ ಪ್ರಸಂಗ ಇದು. ಲಗ್ನಪತ್ರಿಕೆ, ಕರಪತ್ರ ಮಾಡುವ ಡಿಟಿಪಿ ಅಂಗಡಿಯವರ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿ, ವಿಂಡೋಸ್ ಹೊಸದಾಗಿ ಕೂರಿಸಿ, ಡಾಕ್ಯುಮೆಂಟ್ಸ್ ಫೋಲ್ಡರ್ ಪೂರ್ತಿ ಕಾಪಿ ಮಾಡಿ ಕಳಿಸಿದೆ. ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡಿ ಇನ್ನೊಬ್ಬರಿಗೆ ಕೊಟ್ಟೂ ಆಗಿತ್ತು. ಮರುದಿನ ಫೋನು: "ಸಾರ್, ಫೈಲೆಲ್ಲಾ ಇದೆ, ಆದ್ರೆ ಕನ್ನಡ ಇಲ್ಲ." ಹೋಗಿ ನೋಡಿದರೆ ಹತ್ತು ವರ್ಷದ ವಧೂವರರ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿಗಳ ಗೊಜ್ಜಾಗಿದ್ದವು.

ನುಡಿಯಂಥ ಹಳೇ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕನ್ನಡ ನಿಜಕ್ಕೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತದೆ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಆ ಫಾಂಟ್ ಇರುವುದು ಡಾಕ್ಯುಮೆಂಟ್ಸ್‌ನಲ್ಲಿ ಅಲ್ಲ, ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿ. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾದ್ದರಿಂದ ಅದನ್ನು ಮತ್ತೆ ಕೂರಿಸಿದೆ. ದುಡ್ಡು ಕೊಟ್ಟು ಕೊಂಡಿದ್ದ ಬೇರೆ ಅಲಂಕಾರದ ಫಾಂಟುಗಳ ಸಿಡಿ ಮಾತ್ರ ಗೀರು ಬಿದ್ದು ಓದುತ್ತಿರಲಿಲ್ಲ. ಇನ್ನೊಂದು ಊರಿನ ಡಿಟಿಪಿಯವರ ಕೈಕಾಲು ಹಿಡಿದು ತರಬೇಕಾಯಿತು.

ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ಆದಷ್ಟೂ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ಕ್ಲೋನ್ ಮಾಡುತ್ತೇನೆ. ಹೊಸದಾಗಿ ಕೂರಿಸಲೇಬೇಕಾದರೆ ಒಂದು ಪಟ್ಟಿ ಹಿಡಿದು ಮಾಲೀಕರನ್ನು ಕೇಳುತ್ತೇನೆ: ಫಾಂಟು, ಔಟ್‌ಲುಕ್ ಮೇಲು, ಡೆಸ್ಕ್‌ಟಾಪ್ ಮೇಲಿನ ಫೈಲು, ಬ್ರೌಸರಿನಲ್ಲಿ ಉಳಿದ ಪಾಸ್‌ವರ್ಡು, ಪ್ರಿಂಟರ್ ಡ್ರೈವರು. ಟ್ಯಾಲಿ ಇದ್ದರೆ ಅದರ ಲೈಸೆನ್ಸನ್ನು ಹಳೇ ಡಿಸ್ಕಿನಲ್ಲೇ ಸರೆಂಡರ್ ಮಾಡಿಸಿ ಆಮೇಲೆ ಬಿಚ್ಚುತ್ತೇನೆ. ಇಲ್ಲದಿದ್ದರೆ ಹೊಸದರಲ್ಲಿ ಅದು ಎಜುಕೇಷನಲ್ ಮೋಡಿಗೆ ಹೋಗಿ ಕೂರುತ್ತದೆ, ಅದೂ ಜಿಎಸ್‌ಟಿ ಕಟ್ಟುವ ಕೊನೇ ದಿನವೇ ಗೊತ್ತಾಗುತ್ತದೆ.

ಡಿಸ್ಕ್ ಆಗಲೇ ಟಕ್ ಟಕ್ ಎನ್ನುತ್ತಿದ್ದರೆ ಸಾಮಾನ್ಯ ಕ್ಲೋನ್ ಬೇಡ. ಕೆಟ್ಟ ಜಾಗದಲ್ಲಿ ಅದು ಮತ್ತೆ ಮತ್ತೆ ಉಜ್ಜಿ ಉಳಿದದ್ದನ್ನೂ ಕೊಲ್ಲುತ್ತದೆ. ಲಿನಕ್ಸಿನ ಡಿಡಿರೆಸ್ಕ್ಯೂ ಮೊದಲು ಸುಲಭವಾಗಿ ಬರುವುದನ್ನೆಲ್ಲ ಎತ್ತಿಕೊಂಡು ಕಷ್ಟದ್ದನ್ನು ಕೊನೆಗೆ ಮುಟ್ಟುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತನ್ನು ನಂಬಿ ಮಲೆನಾಡಿನ ಮಳೆಗಾಲದಲ್ಲಿ ಪ್ರಯತ್ನಿಸಿದವರ ಡಿಸ್ಕಿನಿಂದ ನಾನು ನೀರು ಒರೆಸಿದ್ದೇನೆ.

10. ವೈರು, ಬಯೋಸು

ಹಳೇ ಎಸ್‌ಎಂಪಿಎಸ್‌ನ ದೊಡ್ಡ ನಾಲ್ಕು ಪಿನ್ನಿನಿಂದ ಸಾಟಾ ಪವರ್ ತೆಗೆಯುವ ಅಗ್ಗದ ಕನ್ವರ್ಟರ್ ಒಂದು ನನ್ನ ಕಣ್ಣೆದುರೇ ಕರಗಿತು. ಒಂದೊಂದಾಗಿ ಒತ್ತಿ ಕೂರಿಸಿದ ವೈರುಗಳಿರುವ ಕನ್ವರ್ಟರ್ ಕೊಳ್ಳಿ, ಪ್ಲಾಸ್ಟಿಕ್ ಎರಕ ಹೊಯ್ದದ್ದು ಬೇಡ. ಬಯೋಸಿನಲ್ಲಿ ಡಿಸ್ಕ್ ಐಡಿಇ ಮೋಡಿನಲ್ಲಿದ್ದರೆ ವಿಂಡೋಸ್ ಕೂರಿಸುವ ಮೊದಲೇ ಎಎಚ್‌ಸಿಐ ಮಾಡಿ. ಕೂರಿಸಿದ ಮೇಲೆ ಮಾಡಿದರೆ ನೀಲಿ ಪರದೆ.

11. ಎಸ್‌ಎಸ್‌ಡಿ ಹೇಳದೆ ಕೇಳದೆ ಹೋಗುತ್ತದೆ

ಹಾರ್ಡ್ ಡಿಸ್ಕ್ ಬಹಳ ಸಲ ನರಳಿ, ಕೊರಗಿ, ಸದ್ದು ಮಾಡಿ ಸಾಯುತ್ತದೆ, ಅಷ್ಟರಲ್ಲಿ ಏನಾದರೂ ಉಳಿಸಿಕೊಳ್ಳಬಹುದು. ಎಸ್‌ಎಸ್‌ಡಿ ದೀಪ ಆರಿದ ಹಾಗೆ. ಅದೂ ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ನಮ್ಮ ಕಡೆ, ಬರೆಯುವ ಹೊತ್ತಿಗೇ ಕರೆಂಟ್ ಹೋಗಿ ಸತ್ತ ಅಗ್ಗದ ಎಸ್‌ಎಸ್‌ಡಿಗಳು ನನ್ನ ಡ್ರಾಯರಿನಲ್ಲಿ ಆರೇಳಿವೆ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಡಿಸ್ಕಿನ ಜೊತೆಗೆ ಅದನ್ನೂ ಬದಲಿಸಿ. ಮಗುವಿನ ಫೋಟೋಗಳನ್ನು ಎಸ್‌ಎಸ್‌ಡಿಗೆ ತುಂಬಿ ಕಪಾಟಿನಲ್ಲಿಟ್ಟು ವರ್ಷಗಟ್ಟಲೆ ಮರೆಯಬೇಡಿ. ಅದರಲ್ಲಿ ಮಾಹಿತಿ ನಿಲ್ಲುವುದು ವಿದ್ಯುದಾವೇಶದ ರೂಪದಲ್ಲಿ, ಕರೆಂಟ್ ಕಾಣದೆ ಬಿದ್ದಿದ್ದರೆ ಅದು ನಿಧಾನವಾಗಿ ಸೋರುತ್ತದೆ. ಕಪಾಟಿಗೆ ಹಾರ್ಡ್ ಡಿಸ್ಕೇ ವಾಸಿ, ಅದೂ ಎರಡು.

12. ಹಳೇ ಡಿಸ್ಕನ್ನು ಆರು ತಿಂಗಳು ಮುಟ್ಟಬೇಡಿ

ಕಳಚಿದ ಡಿಸ್ಕಿನ ಮೇಲೆ ಬಿಳಿ ಟೇಪ್ ಅಂಟಿಸಿ ತಾರೀಕು ಬರೆದು ಮಾಲೀಕರ ಕೈಗೇ ಕೊಡುತ್ತೇನೆ. ಬೇಡ ಎಂದರೂ ಕೊಡುತ್ತೇನೆ. ಲ್ಯಾಪ್‌ಟಾಪಿನದಾದರೆ ಯುಎಸ್‌ಬಿ ಕೇಸಿಂಗ್ ಹಾಕಿದರೆ ಹೆಚ್ಚುವರಿ ಡಿಸ್ಕಾಗುತ್ತದೆ. ಗುಜರಿಯವನಿಗೆ ಮಾತ್ರ ಹಾಗೇ ಹಾಕಬಾರದು. ಅಳಿಸಿದ ಫೈಲುಗಳನ್ನು ಎತ್ತುವುದು ಈಗ ಹೈಸ್ಕೂಲು ಹುಡುಗರಿಗೂ ಬರುತ್ತದೆ.

ಆವಿನಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಪೂರ್ತಿ ಸತ್ತ ತಮ್ಮ ಡಿಸ್ಕನ್ನು ಏನು ಮಾಡಲಿ ಎಂದರು. ಬಿಚ್ಚಿ ತಟ್ಟೆಗಳನ್ನು ತೆಗೆದುಕೊಟ್ಟೆ. ಡೆಸ್ಕ್‌ಟಾಪಿನದು, ಅಲ್ಯೂಮಿನಿಯಂ, ಕನ್ನಡಿಯಷ್ಟು ಹೊಳೆಯುತ್ತದೆ. (ಲ್ಯಾಪ್‌ಟಾಪಿನದು ಹೆಚ್ಚಾಗಿ ಗಾಜು. ಬಗ್ಗಿಸಲು ಹೋದರೆ ಸಿಡಿದು ಕಣ್ಣಿಗೆ ಬೀಳುತ್ತದೆ.) ಮಂಗ ಹೆದರಿಸಲು ತೋಟದ ಬೇಲಿಗೆ ಕಟ್ಟುತ್ತೇನೆ ಎಂದು ಒಯ್ದರು. ತಿಂಗಳು ಬಿಟ್ಟು ಸಿಕ್ಕಿದಾಗ ಕೇಳಿದೆ.

"ಮಂಗ ಹೆದರ್ಲಿಲ್ಲ ಮಾರಾಯ್ರೆ. ಒಂದನ್ನ ಕಿತ್ಕಂಡು ಹೋಯ್ತು."

"ಎಷ್ಟು ಜಿಬಿದು?" ಎಂದೆ.